ಸತ್ತವನ ಒಪ್ಪಿಗೆ

ಮಳೆ ಸಂಜೆಯೇ ಹಿಡಿದಿತ್ತು. ಕರೆಂಟು ಹೋಗಿ ಲಿಫ್ಟ್ ನಿಂತದ್ದರಿಂದ ಕಟ್ಟಡದ ಅರ್ಧ ಜನ ಮೆಟ್ಟಿಲ ಮೇಲೆಯೇ ಕೂತುಬಿಟ್ಟಿದ್ದೆವು. ಕೆಳಗೆ ರಿಪೇರಿಯವನು ಜನರೇಟರಿನ ಜೊತೆ ಜಗಳವಾಡುತ್ತಿದ್ದ. ನಮ್ಮ ನಡುವೆ ಸ್ಟೆನೊ ಅಜ್ಜಿ, ಸರ್ಕಾರಿ ಕಚೇರಿಯೊಂದರಲ್ಲಿ ಸಾಹೇಬರುಗಳ ಮಾತನ್ನು ಬರೆದುಕೊಂಡೇ ತಲೆ ನೆರೆಸಿಕೊಂಡವರು. ಮಗ್ಗುಲಲ್ಲಿ ಮೊಮ್ಮಗಳು. ಅವಳಿಗೀಗ ಅದೇ ಕಚೇರಿಯಲ್ಲಿ ಅಧಿಕಾರಿಯ ಕೆಲಸ, ನಾಳೆ ಮೊದಲ ಸಭೆ.

"ಏನೇ ಅದು ಸಭೆ?" ಎಂದರು ಅಜ್ಜಿ.

"ಗೌಪ್ಯ ಅಜ್ಜಿ. ಹೇಳೋ ಹಾಗಿಲ್ಲ."

ಅಜ್ಜಿ ನಕ್ಕರು. ಉಗಿಯಲು ಜಾಗ ಸಿಗದವರು ಹಾಗೆ ನಗುತ್ತಾರೆ. ಕತ್ತಲಲ್ಲಿ ಕೆಳಗಿನ ಮೆಟ್ಟಿಲಿನಿಂದ ಯಾರೋ ಕೆಮ್ಮಿದರು.

"ಹಾಗಾದ್ರೆ ನಾನೇ ಹೇಳ್ತೀನಿ, ಹತ್ತಿರ ಬನ್ನಿ ಎಲ್ಲ... ಬೀದೀಲಿ ಮಲಗೋರು ಯಾರಾದ್ರೂ ಸತ್ತರೆ ನಮ್ಮ ಕಚೇರೀಲಿ ಒಂದು ಸಭೆ. ಯಾಕೆ ಸತ್ತ, ಇನ್ನೊಬ್ಬ ಸಾಯದ ಹಾಗೆ ಏನು ಮಾಡ್ಬೇಕು ಅಂತ. ಕೇಳೋಕೆ ಎಷ್ಟು ಚೆಂದ ಅಲ್ವಾ? ಬದುಕಿದ್ದಾಗ ಒಂದು ಹರಕು ಚಾಪೆ ಕೊಡದ ಮಹಾನುಭಾವರು, ಸತ್ತ ಮೇಲೆ ಅವನಿಗೋಸ್ಕರ ಏಸಿ ಹಾಕ್ಕೊಂಡು ಕೂರ್ತಾರೆ!

"ಒಂದ್ಸಲ ಹಾಗೆ ಸತ್ತಿದ್ದವನು ಒಬ್ಬ ಚಪ್ಪಲಿ ಹೊಲಿಯೋನು. ಸಭೆಗೆ ಬಂದಿದ್ದೋರು ಮೂರು ಜನ... ಆಸ್ಪತ್ರೆ ಡಾಕ್ಟರು, ಪೊಲೀಸ್ ಇನ್ಸ್‌ಪೆಕ್ಟರು, ನಿರಾಶ್ರಿತರ ತಂಗುದಾಣದ ಮ್ಯಾನೇಜರು. ಮೇಲೆ ನಮ್ಮ ದೊಡ್ಡ ಸಾಹೇಬರು. ಈ ಮೂವರ ಹೊಟ್ಟೇಲಿ ಏನಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ, ಒಬ್ಬರ ಮೇಲೊಬ್ಬರು ಗೂಬೆ ಕೂರಿಸೋವಾಗ. ನಿಮಗೆ ಈಗಲೇ ಹೇಳ್ಬಿಡ್ತೀನಿ, ಆಗಲೇ ಇವರ ಚೆಂದ ತಿಳಿಯೋದು. ಅವನು ಸತ್ತಿದ್ದು ಹೊಗೆ ಕುಡಿದು ಅಂತ ಡಾಕ್ಟರಿಗೆ ಗೊತ್ತು. ಹೆಣ ಸಿಕ್ಕಿದ್ದು ಇದೇ ಕಚೇರಿ ಹಿಂದಿನ ಸಂದೀಲಿ, ಜನರೇಟರ್ ಕೋಣೆಯ ಬೆಚ್ಚನೆ ಗೋಡೆಗೆ ಒರಗಿದ ಹಾಗೆ ಅಂತ ಇನ್ಸ್‌ಪೆಕ್ಟರಿಗೆ ಗೊತ್ತು. ಗಂಡ ಹೆಂಡತಿ ಜೊತೇಲಿ ಬಂದರೆ ಸೇರಿಸ್ಕೊಳ್ಳೋ ಹಾಗಿಲ್ಲ ಅಂತ ತಂಗುದಾಣದಿಂದ ಅಟ್ಟಿದ್ದು, ಹೆಂಡತಿ ಇನ್ನೂ ಅವನು ಸತ್ತ ಜಾಗದಲ್ಲೇ ಜ್ವರ ಬಂದು ಮಲಗಿರೋದು ಮ್ಯಾನೇಜರಿಗೆ ಗೊತ್ತು. ಮೂರು ತುಂಡು ಮಾತು... ಒಂದು ಮೇಜಿನ ಮೇಲೆ ಇಟ್ಟಿದ್ರೆ ಒಂದು ಹೆಂಗಸಿನ ಜೀವ ಉಳೀತಿತ್ತು.

"ಇಟ್ರಾ? ಡಾಕ್ಟರು 'ರೋಗಿಯ ವಿಷಯ, ಗೌಪ್ಯ' ಅಂದ್ರು. ಇನ್ಸ್‌ಪೆಕ್ಟರು ಮೀಸೆ ಮೇಲೆ ಬೆರಳಾಡಿಸಿ 'ತನಿಖೆ ನಡೀತಿದೆ, ಗೌಪ್ಯ' ಅಂದ. ಮ್ಯಾನೇಜರು ಮಾತ್ರ ಯಾಕೆ ಹಿಂದೆ ಬೀಳ್ತಾನೆ, 'ನಮ್ಮದೂ ಗೌಪ್ಯ' ಅಂದ! ಆಹಾ, ಏನು ಮರ್ಯಾದೆ! ಬದುಕಿದ್ದಾಗ ಅವನ ಜೋಳಿಗೆ ಸುರಿದು ಒಳಗಿನ ಬಟ್ಟೆವರೆಗೂ ಜಾಲಾಡ್ತಿದ್ದ ಜನ ಇವರು, ಸತ್ತ ಮೇಲೆ ಗುಟ್ಟು ಕಾಯ್ತಾರಂತೆ. ಕೊನೇಗೆ ಸಾಹೇಬರು ಗಂಟಲು ಸರಿಮಾಡ್ಕೊಂಡು ಹೇಳಿದ್ರು, 'ಸಂಬಂಧಪಟ್ಟ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಾಹಿತಿ ಹಂಚಿಕೊಳ್ಳುವಂತಿಲ್ಲ.' ನಾನು ಬರ್ಕೊಂಡೆ...

"ಆಗ ಕರೆಂಟು ಹೋಯ್ತು.

"ಮಟಮಟ ಮಧ್ಯಾಹ್ನ, ಆದ್ರೂ ಆವತ್ತಿನ ಮಳೆಗೆ ಕೋಣೇಲಿ ಕತ್ತಲೆ. ನನ್ನೆದುರಿನ ಖಾಲಿ ಕುರ್ಚಿ ಕಿರ್ ಅಂತು. ನೋಡ್ತೀನಿ... ಕೂತಿದ್ದಾನೆ. ನೆನೆದು ತೊಪ್ಪೆಯಾಗಿದ್ದಾನೆ, ಮೂಗಿನ ಹೊಳ್ಳೆ ಸುತ್ತ ಮಸಿ. ಮುಖದಲ್ಲಿ ಸಿಟ್ಟಿತ್ತಾ? ಇಲ್ಲ ಕಣ್ರೋ, ಕಚೇರಿಗೆ ಬಂದ ಬಡವನ ಮುಖ, ಅಷ್ಟೇ. ಕೈ ಮುಗಿದು ಕೇಳ್ದ, 'ಒಪ್ಪಿಗೆ ನಂದೇ ತಾನೆ ಸ್ವಾಮಿ? ಕೊಟ್ಟಿದ್ದೀನಿ, ಹೇಳ್ಬಿಡಿ. ಮಲಗಿದ್ದೆ, ಏಳಲಿಲ್ಲ. ಯಾಕೆ ಸತ್ತೆ ಅಂತ ನನಗೇ ಗೊತ್ತಿಲ್ಲ. ನಾ ಮಲಗಿದ್ದ ಕಡೆ ಈಗ ಅವಳು ಮಲಗ್ತಾಳೆ... ಅಷ್ಟು ತಿಳಿದ್ರೆ ಎಬ್ಬಿಸಿ ಕರ್ಕೊಂಡು ಹೋಗ್ತೀನಿ.'

"ದೆವ್ವ ಕಂಡ್ರೆ ಮನುಷ್ಯ ಏನು ಮಾಡ್ತಾನೆ? ಕಿರುಚ್ತಾನೆ, ಓಡ್ತಾನೆ, ದೇವರ ಹೆಸರು ಹೇಳ್ತಾನೆ. ಆದ್ರೆ ಅವರು ಮನುಷ್ಯರಲ್ವಲ್ಲ, ಅಧಿಕಾರಿಗಳು! ಸಾಹೇಬರ ದನಿ ಒಂಚೂರು ನಡುಗಿತು, ಅಷ್ಟೆ. 'ನೀವೇ ಆ ವ್ಯಕ್ತಿ ಅನ್ನೋದಕ್ಕೆ ಗುರುತಿನ ಚೀಟಿ ಇದೆಯಾ? ವಿಳಾಸ?'

"ಅವನು ತನ್ನ ಒದ್ದೆ ಜೇಬು ಮುಟ್ಟಿ ನೋಡ್ಕೊಂಡ. ಪಾಪ, ಸತ್ತ ಮೇಲೂ ಜೇಬು ಮುಟ್ಟಿ ನೋಡ್ಕೊಂಡ...

"ಅಷ್ಟರಲ್ಲಿ ಹಿಂದುಗಡೆ ಜನರೇಟರು ಗುರ್ ಅಂತ ಶುರುವಾಯ್ತು. ದೀಪ ಬಂತು, ಏಸಿ ಬಂತು, 'ಸದ್ಯ!' ಅಂದ್ರು ಎಲ್ಲರೂ. ಕುರ್ಚಿ ಖಾಲಿ. ಕೂತಿದ್ದ ಜಾಗದಲ್ಲಿ ನೀರು, ನೀರಲ್ಲಿ ಮಸಿ. ಎಲ್ಲರೂ ಅವನನ್ನ ನೋಡಿದ್ರು. ಯಾರೂ ಬಾಯಿ ಬಿಡಲಿಲ್ಲ. ನೋಡಿದ್ದೂ ಗೌಪ್ಯ! ಮಾಹಿತಿ ಸಾಲದು ಅಂತ ಸಭೆ ಮುಂದಕ್ಕೆ ಹಾಕಿ, ಬಿಸಿಬಿಸಿ ಚಹಾ ಕುಡಿದು ಎದ್ರು. ಅವರು ಚಹಾ ಕುಡಿಯೋವಾಗ ಗೋಡೆ ಆಚೆ ಆ ಹೆಂಗಸು ನಮ್ಮ ದೀಪದ ಹೊಗೆ ಕುಡೀತಿದ್ಳು.

"ಮುಂದಿನ ಸಭೆ ಅವಳದ್ದೇ. ಆಗ ನೋಡ್ಬೇಕಿತ್ತು, ತಮ್ಮ ತಮ್ಮ ಕುತ್ತಿಗೆ ಉಳಿಸ್ಕೊಳ್ಳೋಕೆ ಗುಟ್ಟೆಲ್ಲ ಸಂತೆ ಆಗೋಯ್ತು! ಹೊಗೆ ಕೊಳವೆ ಬೇರೆ ಕಡೆ ತಿರುಗಿಸಿದ್ರಾ? ಕೇಳ್ಬೇಡಿ. ಸಂದಿಗೆ ಬೇಲಿ ಹಾಕಿಸಿದ್ರು. ಆವತ್ತು ಕರೆಂಟು ಹೋದಾಗ ಎರಡು ಕುರ್ಚಿ ಕಿರ್ ಅಂದ್ವು... ನಾನು ಕೆಲಸ ಬಿಡೋ ಹೊತ್ತಿಗೆ ಆ ಕೋಣೇಲಿ ನಿಲ್ಲೋಕೂ ಜಾಗ ಇರಲಿಲ್ಲ. ನಾಳೆ ಹೋಗ್ತೀಯಲ್ಲ ಮಗಳೇ, ಕುರ್ಚಿ ಮುಟ್ಟಿ ನೋಡಿ ಕೂತ್ಕೋ. ಒದ್ದೆ ಇದ್ರೆ ಅವರು ಕೇಳೋದಕ್ಕೆ ಉತ್ತರ ಕೊಡು. ಗೌಪ್ಯ ಅಂದೀಯಾ ಜೋಕೆ!"

ಕೆಳಗಿನ ಮೆಟ್ಟಿಲಿನ ಕೆಮ್ಮು ಇನ್ನೂ ನಿಂತಿರಲಿಲ್ಲ. ಅಷ್ಟರಲ್ಲಿ ಕೆಳಗೆ ಜನರೇಟರ್ ಗುರ್ ಎಂದಿತು, ಮೆಟ್ಟಿಲ ದೀಪಗಳೆಲ್ಲ ಒಟ್ಟಿಗೆ ಹೊತ್ತಿದವು. ನಾವೆಲ್ಲ ಒಕ್ಕೊರಲಿನಿಂದ "ಸದ್ಯ!" ಎಂದು ಎದ್ದು ನಿಂತೆವು.

ಅಜ್ಜಿ ಏಳಲಿಲ್ಲ. ಕೆಳಗಿನ ಮೆಟ್ಟಿಲನ್ನೇ ನೋಡುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ, ಕೂತೆದ್ದ ಹಾಗೆ ಒಂದಿಷ್ಟು ಕಪ್ಪು ನೀರಿತ್ತು.

"ಕತೆ ಉದ್ದಕ್ಕೂ ಕೆಮ್ಮಿದ್ದು ನಿಮ್ಮಲ್ಲಿ ಯಾರೂ ಅಲ್ಲ ತಾನೆ?" ಎಂದರು. "ಹಾಗಾದ್ರೆ ಒಂದು ಮಾತು ಹೇಳಿ... ನಮ್ಮ ಈ ಜನರೇಟರ್ ಹೊಗೆ ಎಲ್ಲಿಗೆ ಹೋಗುತ್ತೆ?"