ತುಂಬದ ಬಟ್ಟಲು

ಕಣಿವೆ ಬಿಟ್ಟು ಮೇಲೆ ಹತ್ತಲು ಶುರು ಮಾಡಿದಾಗ ಹಿಡಿದ ಮಳೆ ಕೊನೆಯ ಹುಲ್ಲುಗಾವಲು ಮುಟ್ಟಿದರೂ ಬಿಡಲಿಲ್ಲ. ನಾವು ಕುದುರೆಯವರು. ಬೆಟ್ಟ ಸುತ್ತಲು ಬಂದ ಪರದೇಶದವರ ಡೇರೆ, ಪಾತ್ರೆ, ಅಕ್ಕಿ ಹೊರಿಸಿಕೊಂಡು ಅವರ ಜೊತೆ ನಡೆಯುವವರು. ಅವರು ತಮ್ಮ ಡೇರೆಗಳೊಳಗೆ ಹೊಕ್ಕು ಜಿಪ್ಪು ಎಳೆದುಕೊಂಡರು. ತಾಲಾಯ್ ಮತ್ತು ನಾನು ತೊಯ್ದು ತೊಪ್ಪೆಯಾಗಿ ನಾವೆಲ್ಲ ಅಪಾ, ಅಂದರೆ ಅಮ್ಮ, ಅನ್ನುವ ಮುದುಕಿ ಅನಾರ್ಕಾನ್‌ಳ ಕಂಬಳಿಗುಡಾರಕ್ಕೆ ನುಗ್ಗಿದೆವು. ಅಲ್ಲಿಂದ ಮೇಲೆ ಮನುಷ್ಯರ ಗುಡಾರವಿಲ್ಲ. ಅಪಾ ಬೆರಣಿ ಒಲೆಯ ಮುಂದೆ ಒಬ್ಬಳೇ ಕೂತಿದ್ದಳು.

"ನಾಳೆ ಮೇಲಿನ ಕಣಿವೇಲಿ ಇಳ್ಕೊಳ್ಳೋಣ ಅಂತ ಇದೀವಿ ಅಪಾ. ಮಧ್ಯಾಹ್ನ ಮೋಡ ಸರಿದಾಗ ಅಲ್ಲಿ ಹೊಗೆ ಕಂಡಿತು, ಕುರಿಯೋರು ಇರ್ಬೇಕು. ಹುಲ್ಲು ಚೆನ್ನಾಗಿದೆಯಂತೆ," ಅಂದೆ.

"ಇರದೆ ಏನು? ಮೇಯಿಸೋಕೆ ಯಾರು ಹೋಗ್ತಾರೆ ಅಲ್ಲಿಗೆ?"

"ದೆವ್ವ ಇದೆಯಾ?" ತಾಲಾಯ್ ಹಲ್ಲು ಕಿರಿದ. "ಇದ್ರೆ ಹೇಳು, ಒಬ್ಬಳೇ ಇದ್ರೆ ನಾನೇ ಮದುವೆ ಆಗ್ತೀನಿ."

"ಲೇ ತಾಲಾಯ್, ನಿನ್ನ ಮೂತಿ ನೋಡಿದ್ರೆ ಅವಳೇ ಗುಡಾರ ಕಿತ್ಕೊಂಡು ಓಡ್ತಾಳೆ. ಬಾಯಿ ಮುಚ್ಕೊಂಡು ಕೇಳು."

ಅಪಾ ಒಲೆಗೆ ಇನ್ನೊಂದು ಬೆರಣಿ ಮುರಿದು ಹಾಕಿ ಶುರು ಮಾಡಿದಳು.

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು ಕಣ್ರಪ್ಪ. ನನ್ನ ಗಂಡ ಕಲ್ಮತ್‌ನ ನೀವು ಕೊನೆಗಾಲದಲ್ಲಿ ನೋಡಿದೋರು, ಆಗ ಹೇಗಿದ್ದ ಅಂತ ನಿಮಗೇನು ಗೊತ್ತು... ಬೆಟ್ಟದ ದಾರಿ ಅವನ ಅಂಗೈ ಮೇಲೆ ಇತ್ತು. ಪಟ್ಟಣದಿಂದ ರಷ್ಯದೋನು ಒಬ್ಬ ಬಂದ, ಗೆನ್ನಾದಿ ಅಂತ. ಮನೆ ತುಂಬ ಕುದುರೆ ಇರೋ ಊರಿಗೆ ಬಂದು, ಕರಡಿಯಷ್ಟು ದೊಡ್ಡ ಚೀಲ ತಾನೇ ಬೆನ್ನಿಗೆ ಹೊತ್ಕೊಂಡು ನಡೀತೀನಿ ಅನ್ನೋನು. ಹುಚ್ಚು ಅಲ್ದೆ ಇನ್ನೇನು ಹೇಳಿ? ದಾರಿ ತೋರ್ಸೋಕೆ ಕಲ್ಮತ್ ಹೋದ. ನಡೀತಾ ನಡೀತಾ, ಮಲಗ್ತಾ ಏಳ್ತಾ ಹೋಗಿ, ನಾಳೆ ನೀವು ಹೋಗ್ತೀರಲ್ಲ, ಆ ಕಣಿವೆ ಮುಟ್ಟಿದ್ರು. ನೋಡ್ತಾರೆ, ಮಧ್ಯದಲ್ಲಿ ಒಂದೇ ಒಂದು ಗುಡಾರ. ಮಾಡಿನಿಂದ ಹೊಗೆ ಏಳ್ತಾ ಇದೆ. ಬಾಗಿಲಲ್ಲಿ ಒಬ್ಬ ಮುದುಕಿ ನಿಂತು, "ರೊಟ್ಟಿ ಮುರೀದೆ ಮುಂದೆ ಹೋಗ್ತೀರಾ ಮಕ್ಕಳೇ?" ಅಂದ್ಲಂತೆ. ರೊಟ್ಟಿ ಅಂದ ಮೇಲೆ ಬೇಡ ಅನ್ನೋಕಾಗುತ್ತಾ? ಒಳಗೆ ಹೋಗಿ ಕೂತ್ರು.

ಮುದುಕಿ ಚಹ ಬಗ್ಗಿಸಿದ್ಲು. ಬಟ್ಟಲಿನ ತಳಕ್ಕೆ, ಒಂದು ಗುಟುಕು. ನಮ್ಮಲ್ಲಿ ಹಾಗೇ ಅಲ್ವಾ? ಸ್ವಲ್ಪ ಬಗ್ಗಿಸಿದ್ರೆ ಕೂತ್ಕೊ, ಮತ್ತೆ ಮತ್ತೆ ಬಗ್ಗಿಸ್ತೀನಿ ಅಂತ. ಬಾಯಿವರೆಗೆ ತುಂಬಿಸಿದ್ರೆ ಇನ್ನು ಎದ್ದು ಹೋಗಪ್ಪಾ ಅಂತ. ಪಟ್ಟಣದೋನಿಗೆ ಅದೆಲ್ಲ ಎಲ್ಲಿ ತಿಳಿಯುತ್ತೆ... ಎರಡು ಗುಟುಕು ಕುಡಿದ, ಬಟ್ಟಲು ಇಟ್ಟ, ಚೀಲ ಹೊತ್ತ, "ಕೆರೆ ಹತ್ರ ಇರ್ತೀನಿ, ಹಿಂದಿನಿಂದ ಬಾ" ಅಂತ ಹೊರಟೇಬಿಟ್ಟ. ಕಲ್ಮತ್ ಹಾಗೆ ಏಳ್ತಾನಾ? ಒಳ್ಳೇ ಮನೆತನದ ಹುಡುಗ. ಮುದುಕಿ ಇನ್ನೂ ಗುಟುಕು ಗುಟುಕು ಬಗ್ಗಿಸ್ತಿದ್ದಾಳೆ, ಬಟ್ಟಲು ತುಂಬಿಸಿಲ್ಲ, ಎದ್ರೆ ಮನಸ್ಸು ನೋಯುತ್ತೆ ಅಂತ ಕೂತ. ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ಹಾಗಾಯ್ತು.

ಗೆನ್ನಾದಿ ಕಾದು ಕಾದು ವಾಪಸ್ ಬಂದು ನೋಡ್ತಾನೆ, ಗುಡಾರಾನೂ ಇಲ್ಲ, ಕಲ್ಮತ್‌ನೂ ಇಲ್ಲ. ದುಂಡಗೆ ಜೋಡಿಸಿದ ಕಲ್ಲು, ಅದರೊಳಗೆಲ್ಲ ಹುಲ್ಲು. ಪಾಪ, ಬಿದ್ದು ಎದ್ದು ಇಳಿದು ಬಂದು ನಮಗೆಲ್ಲ ಹೇಳ್ದ. ಯಾರೂ ನಂಬ್ಲಿಲ್ಲ. ಎತ್ತರಕ್ಕೆ ಹೋಗಿ ತಲೆ ತಿರುಗಿದೆ ಅಂದ್ರು, ಕಲ್ಮತ್ ಹೊಳೆಗೆ ಬಿದ್ದಿರ್ಬೇಕು ಅಂದ್ರು. ಗಂಡಸರು ಹುಡುಕಿ ಬರಿಗೈಲಿ ಬಂದ್ರು. ನನ್ನತ್ತೆ ಅಳೋಕೆ ಶುರು ಮಾಡಿದ್ಲು. ನನಗೆ ಅಳು ಬರ್ಲಿಲ್ಲ ಕಣ್ರಪ್ಪ, ಸಿಟ್ಟು ಬಂತು. ಹೆಣ ಕಾಣದೆ ನಾನ್ಯಾಕೆ ವಿಧವೆ ಆಗ್ಲಿ? ಜೀನು ಬಿಗಿದು ಒಬ್ಬಳೇ ಹೊರಟೆ.

ಒಬ್ಬರೇ ಬೆಟ್ಟದಲ್ಲಿ ನಡೆದಿದ್ದೀರಾ? ಜೊತೆ ಇರೋರು ಡೇರೆಯಲ್ಲಿ ಮಲಗಿರೋದಲ್ಲ... ಒಬ್ಬರೇ. ಮೊದಲ ದಿನ ಕುದುರೆ ಜೊತೆ ಮಾತಾಡ್ದೆ. ಆಮೇಲೆ ಮಾತೂ ಮುಗೀತು. ನನ್ನ ಕೆಮ್ಮು ನನಗೇ ಬೇರೆ ಯಾರದೋ ಅನ್ನಿಸೋದು. ಕಣಿವೆ ಮುಟ್ಟೋ ಹೊತ್ತಿಗೆ ಹೊಗೆ ಕಂಡಿತಲ್ಲ, ಹೆದರಿಕೆ ಆಗ್ಬೇಕಿತ್ತು, ಆಗ್ಲಿಲ್ಲ. ಸಂತೋಷ ಆಯ್ತು. ಯಾರೋ ಇದಾರಲ್ಲ ಅಂತ.

ಒಳಗೆ ಅತಿಥಿ ಜಾಗದಲ್ಲಿ ನನ್ನ ಗಂಡ ಕೂತಿದ್ದ. "ಬಂದ್ಯಾ ಅನಾರ್? ಕೂತ್ಕೊ. ಇನ್ನೊಂದು ಗುಟುಕು ಕುಡಿದು ಹೊರಡೋಣ" ಅಂದ. ಈಗಷ್ಟೇ ಬಂದು ಕೂತೋನ ಥರ! ಒಲೇಲಿ ಬೆಂಕಿ ಉರೀತಿತ್ತು, ಕೈ ಚಾಚಿದ್ರೆ ಬಿಸಿ ಇಲ್ಲ. ಮುದುಕಿ ನನಗೂ ಬಗ್ಗಿಸಿದ್ಲು, ಬಟ್ಟಲು ಹಿಡಿದ್ರೆ ಮಂಜುಗಡ್ಡೆ. ನಾನು ಕುಡೀಲಿಲ್ಲ.

"ನನ್ನ ಗಂಡನ್ನ ಬಿಡು ಅಜ್ಜಿ," ಅಂದೆ.

"ನಾನೆಲ್ಲಿ ಹಿಡ್ಕೊಂಡಿದೀನಿ ಮಗಳೇ? ಬಾಗಿಲು ತೆರೆದೇ ಇದೆ. ಒಳ್ಳೆಯವನು, ಅವನಾಗೇ ಕೂತಿದಾನೆ."

ಎಂಥಾ ಮಾತು ನೋಡಿ! ತೋಳು ಹಿಡಿದು ಎಳೆದೆ, ಬಂಡೆ ಥರ ಕೂತಿದ್ದ. "ಮುದುಕಿ ನೊಂದ್ಕೋತಾಳೆ ಕಣೇ" ಅಂತಾನೆ. ಆಗ ಅವಳು ತಾನಾಗೇ ಹೇಳಿದ್ಲು. ಯಾವುದೋ ಕಾಲದಲ್ಲಿ ಮಕ್ಕಳು ಹಿಮ ಬೀಳೋಕೆ ಮುಂಚೆ ಕುರಿ ಹೊಡ್ಕೊಂಡು ಕೆಳಗಿಳಿದ್ರಂತೆ. ಇವಳಿಗೆ ಜ್ವರ. ಕುರಿ ಮುಟ್ಟಿಸಿ ಕುದುರೆ ತರ್ತೀವಿ, ಚಹ ಕಾಯಿಸಿಡು ಅಂದ್ರಂತೆ. ಅವತ್ತೇ ರಾತ್ರಿ ಹಿಮ ಬಿದ್ದು ದಾರಿ ಮುಚ್ಚಿತು. "ಕಾಯಿಸಿಟ್ಟಿದೀನಿ ಮಗಳೇ... ಕುಡಿಯೋರು ಬೇಡ್ವಾ?"

ನನ್ನ ಸಿಟ್ಟೆಲ್ಲ ಇಳಿದುಹೋಯ್ತು. ಅತ್ತುಬಿಟ್ಟೆ. ಅವಳ ಕೈ ಹಿಡ್ಕೊಂಡೆ. ಆ ಕೈ ಹೇಗಿತ್ತು ಅಂತ ಕೇಳ್ಬೇಡಿ... "ಅಜ್ಜಿ, ನಿನಗೆ ಕಾಯೋದು ಅಂದ್ರೆ ಏನು ಅಂತ ಗೊತ್ತು. ನನ್ನನ್ನ ಹಾಗೆ ಕೂರಿಸ್ಬೇಡ. ಇವನನ್ನ ಕಳಿಸಿಕೊಡು. ನನ್ನ ದಾರಿ ನೋಡೋರು ಯಾರೂ ಇಲ್ಲ ಅಂತ ಆದ ದಿನ ನಾನೇ ಬರ್ತೀನಿ. ಬಂದು ನಿನ್ನ ಜೊತೆ ಕೂತ್ಕೋತೀನಿ. ರೊಟ್ಟಿ ಆಣೆ" ಅಂದೆ, ರೊಟ್ಟಿ ಮುಟ್ಟಿ.

ಮುದುಕಿ ತುಂಬ ಹೊತ್ತು ನನ್ನ ಮುಖಾನೇ ನೋಡಿದ್ಲು. ಆಮೇಲೆ ಕಲ್ಮತ್‌ನ ಬಟ್ಟಲು ತಗೊಂಡು ಬಗ್ಗಿಸಿದ್ಲು, ಬಗ್ಗಿಸಿದ್ಲು... ಬಾಯಿವರೆಗೆ. ಅಂಚು ಮೀರಿ, ಹಾಸಿದ್ದ ಬಟ್ಟೆ ಮೇಲೆಲ್ಲ ಚೆಲ್ಲಿತು. ನನ್ನ ಗಂಡ ಕುಡಿದ, ಎದ್ದ, ನಡೆದ. ಹೊರಗೆ ಬಂದು ತಿರುಗಿ ನೋಡಿದ್ರೆ ಕಲ್ಲು, ಹುಲ್ಲು, ಗಾಳಿ.

ಅಪಾ ಒಲೆಯ ಬೂದಿ ಕೆದಕಿದಳು. ಕಂಬಳಿಯ ಮೇಲೆ ಮಳೆ ಬೀಳುತ್ತಲೇ ಇತ್ತು.

"ಚೆನ್ನಾಗೇ ಬಾಳಿದ್ವಿ," ಅಂದಳು. "ಮಕ್ಕಳಾಗ್ಲಿಲ್ಲ, ಆದ್ರೂ ಚೆನ್ನಾಗೇ ಬಾಳಿದ್ವಿ. ಈ ವಸಂತದಲ್ಲಿ ಅವನನ್ನ ಮಣ್ಣು ಮಾಡಿದ್ದು ನಿಮಗೆ ಗೊತ್ತೇ ಇದೆ. ಆಮೇಲೆ ಮೋಡ ಸರಿದಾಗೆಲ್ಲ ಮೇಲೆ ನೋಡ್ತೀನಿ... ಹೊಗೆ ಕಾಣುತ್ತೆ. ಈ ಮಧ್ಯಾಹ್ನ ನೀವೂ ನೋಡಿದ್ರಿ, ಕುರಿಯೋರು ಇರ್ಬೇಕು ಅಂದ್ರಿ. ಯಾವ ಕುರಿಯೋರು ಹೇಳಿ?"

ನಾನು ನೋಡಿದ್ದು ನಿಜ.

"ನನ್ನ ಹಸು ತಂಗಿಗೆ ಕೊಟ್ಟಾಯ್ತು. ಬೆಳಿಗ್ಗೆ ಹೊರಡೋವಾಗ ನನಗೂ ಒಂದು ಕುದುರೆಗೆ ಜೀನು ಹಾಕ್ರಪ್ಪಾ, ಮೆತ್ತಗಿರೋದು ನೋಡಿ. ವಾಪಸ್ ಬರೋವಾಗ ಅದರ ಮೇಲೆ ನಿಮ್ಮ ಸಾಮಾನು ಹೇರ್ಕೊಂಡು ಬಂದ್ರಾಯ್ತು."