ಹೊತ್ತು ತಂದ ಆರು ಗಂಟೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಮೋಹನ ಅವರೇ, ಅತಿಥಿಗಳೇ, ಕ್ರೈಸ್ಟ್‌ಚರ್ಚಿನ ಕನ್ನಡ ಬಂಧುಗಳೇ, ಕೇಸರಿಬಾತಿಗಾಗಿ ಕಾದು ಕುಳಿತಿರುವ ಸಭಿಕರೇ, 2007ರ ರಾಜ್ಯೋತ್ಸವದ ಶುಭಾಶಯಗಳು.

ಅಧ್ಯಕ್ಷರು ನನ್ನ ಯಜಮಾನರು. ಅವರ ಸನ್ಮಾನಕ್ಕೆ ಮೊದಲು ನಾಲ್ಕು ಒಳ್ಳೆಯ ಮಾತಾಡಿ ಎಂದು ಕಾರ್ಯದರ್ಶಿ ಪ್ರಕಾಶ್ ಕೇಳಿಕೊಂಡಿದ್ದಾರೆ. ಮನೆಯಲ್ಲಿ ಆಡದ ಮಾತನ್ನು ಮೈಕಿನಲ್ಲಿ ಆಡುವುದು ಹೇಗೆ? ಪ್ರಯತ್ನಿಸುತ್ತೇನೆ.

ಆಹ್ವಾನ ಪತ್ರಿಕೆಯಲ್ಲಿ ಹೀಗೆ ಅಚ್ಚಾಗಿದೆ: 'ಹಿಮದಲ್ಲಿ ಕಾಲು ಮುರಿದುಕೊಂಡ ಗೆಳೆಯನನ್ನು ಆರು ಗಂಟೆ ಹೊತ್ತು ತಂದ ಸಾಹಸಿಗೆ ಅಭಿನಂದನೆ.' ಆರು ಗಂಟೆ, ನಿಜ. ಆರು ಗಂಟೆ ಯಾಕೆ ಬೇಕಾಯಿತು? ಅದನ್ನು ಯಾರಾದರೂ ಕೇಳಿದಿರಾ?

ಕಳೆದ ಜುಲೈನ ಚಳಿಗಾಲದಲ್ಲಿ ನಮ್ಮ ಸಂಘದ ಚಾರಣ. ಆರ್ಥರ್ಸ್ ಪಾಸ್ ಆಚೆಯ ಬೆಟ್ಟ. ಎಂಟು ಜನ, ಎರಡು ಡಬ್ಬಿ ಪುಳಿಯೋಗರೆ, ಬಾಡಿಗೆಗೆ ತಂದ ಒಂದು ಬೀಕನ್. ಗುಂಡಿ ಒತ್ತಿದರೆ ಹೆಲಿಕಾಪ್ಟರ್ ಹುಡುಕಿಕೊಂಡು ಬರುವ ಪುಟ್ಟ ಯಂತ್ರ ಅದು. ಎರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಿತೀಶ್ ಜಾರಿ ಬಿದ್ದ. ಹಾರ್ನ್‌ಬಿಯ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು. ನಾನು ಮೈಸೂರಿನಲ್ಲೂ ಇಲ್ಲೂ ಸೇರಿ ಇಪ್ಪತ್ತು ವರ್ಷ ಮೂಳೆ ವಾರ್ಡಿನಲ್ಲಿ ದುಡಿದ ನರ್ಸು. ಬೂಟು ಬಿಚ್ಚಿ ನೋಡಿದೆ. ಪಾದ ಹೊರಳಿತ್ತು, ಬಿಳಿಚಿತ್ತು, ನಾಡಿ ಸಿಗಲಿಲ್ಲ. ಪಾದಕ್ಕೆ ರಕ್ತ ಹರಿಯುತ್ತಿರಲಿಲ್ಲ.

"ರೀ, ಬೀಕನ್ ಒತ್ತೋಣ" ಎಂದೆ.

ಅಧ್ಯಕ್ಷರು ಏನೆಂದರು? "ಸ್ವಲ್ಪ ಸುಮ್ನಿರೇ. ನಾಳೆ ಪೇಪರ್‌ನಲ್ಲಿ ಬರತ್ತೆ. ಇಂಡಿಯನ್ಸ್‌ಗೆ ಸ್ನೋನಲ್ಲಿ ನಡೆಯೋಕೂ ಬರಲ್ಲ ಅಂತ ಕಿವೀಸ್ ನಗ್ತಾರೆ. ಸಂಘದ ಮರ್ಯಾದೆ ಏನಾಗ್ಬೇಕು? ನಾವೇ ಹೊತ್ಕೊಂಡು ಹೋಗೋಣ."

ಯಾರ ಮರ್ಯಾದೆ, ಸ್ವಾಮಿ? ಆಕಾಶ ತಿಳಿಯಾಗಿತ್ತು. ಗಾಳಿಯೂ ಇರಲಿಲ್ಲ. ಜಾಕೆಟ್ಟುಗಳ ತೋಳಿಗೆ ಕೋಲು ತೂರಿಸಿ ಸ್ಟ್ರೆಚರ್ ಮಾಡಿದರು. ತೊರೆ ದಾಟುವಾಗ ಎರಡು ಸಲ ಕೆಳಗೆ ಬೀಳಿಸಿದರು. ನಿತೀಶ್ ನಮ್ಮೆಲ್ಲರ ಕ್ಷಮೆ ಕೇಳುತ್ತಿದ್ದ, ತೊಂದರೆ ಕೊಟ್ಟೆನೆಂದು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೆಲಿಕಾಪ್ಟರ್ ಮುಕ್ಕಾಲು ಗಂಟೆಯಲ್ಲಿ ಬರುತ್ತಿತ್ತಲ್ಲ, ಯಾಕೆ ಕರೆಯಲಿಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೇ ಕೇಳಿದರು. ಮರುದಿನ ಪಾದ ತೆಗೆದರು.

ಇವತ್ತು ಅದೇ ನಿತೀಶನ ಕೈಯಿಂದ ಅಧ್ಯಕ್ಷರಿಗೆ ಶಾಲು ಹೊದಿಸುವ ಏರ್ಪಾಡು! ನಾಚಿಕೆಯಾಗಬೇಕು ನಮಗೆ. ನಿತೀಶ್, ನೀನು ಏಳಬೇಡಪ್ಪ, ಕೂತಿರು.

ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ನಾನೇನೂ ಸಾಚಾ ಅಲ್ಲ. ಬೀಕನ್ ಇದ್ದದ್ದು ನನ್ನ ಬ್ಯಾಗಿನಲ್ಲಿ. ಒತ್ತಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ವಾರ್ಡಿನಲ್ಲಿ ಡಾಕ್ಟರನ್ನೇ ತಡೆದು ನಿಲ್ಲಿಸುವ ನಾನು ಅಲ್ಲಿ ಗಂಡನ ಮುಖ ನೋಡಿ ಸುಮ್ಮನಾದೆ. ದಾರಿಯುದ್ದಕ್ಕೂ ಆ ಕಾಲ್ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಏನಾಗುತ್ತಿದೆಯೆಂದು ಗೊತ್ತಿದ್ದೂ ನಡೆದೆ.

ನಿತೀಶ್, ನೀನು ಬಿದ್ದದ್ದಕ್ಕೆ ನಿನ್ನ ಪಾದ ಹೋಗಲಿಲ್ಲ. ನಾವು ಹೊತ್ತದ್ದಕ್ಕೆ ಹೋಯಿತು. ನಮ್ಮನ್ನು ಕ್ಷಮಿಸಲೇಬೇಕೆಂದೇನೂ ಇಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ರೀ, ಕಾರಿನ ಕೀ ನನ್ನ ಹತ್ತಿರ ಇದೆ. ನಾನು ನಿತೀಶನನ್ನು ಮನೆಗೆ ಬಿಡಲು ಹೋಗುತ್ತಿದ್ದೇನೆ, ನೀವು ನಡೆದುಕೊಂಡು ಬನ್ನಿ. ನಮಸ್ಕಾರ.