ನಾನು ಒತ್ತದ ಪೆಡಲು

ಬೋರ್ಗಿಲ್ಡ್ ಅವರೇ, ಮಕ್ಕಳೇ, ಗ್ಯಾರೇಜಿನ ಗೆಳೆಯರೇ, ಒಡ್ಡಾ ಊರಿನ ಎಲ್ರಿಗೂ ನಮಸ್ಕಾರ. ನಮ್ಮನ್ನ ಬಿಟ್ಟುಹೋದ ಅರ್ನುಲ್ವ್ ಬಗ್ಗೆ ಮಾತಾಡೋಕೆ ನನ್ನಂಥ ತರಲೆಗೆ ಹೇಳಿದ್ದೀರಿ — ಧೈರ್ಯ ನಿಮ್ಮದು!

ಮೂವತ್ತು ವರ್ಷ ಒಟ್ಟಿಗೆ ದುಡಿದ್ವಿ. ಎಂಜಿನ್ನಿನ ಒತ್ತಡ ಅಳೆಯೋನು ಅವನು, ಅವನ ಒತ್ತಡ ಏರಿಸೋನು ನಾನು. ಅವನ ಕೈಗವಸಿನೊಳಗೆ ಜಾಮ್ ತುಂಬಿದ್ದು ಯಾರು ಅಂತ ಇನ್ನೂ ಕೇಳ್ಬೇಕಾ?

ಕಂಪ್ರೆಷನ್ ಟೆಸ್ಟು, ಅಂದ್ರೆ ಎಂಜಿನ್ನಿನೊಳಗಿನ ಒತ್ತಡ ಅಳೆಯೋದು, ಇಬ್ಬರ ಕೆಲಸ. ಅವನು ಪ್ಲಗ್ ಬಿಚ್ಚಿ, ಆ ತೂತಿಗೆ ಮೀಟರು ಕೂರಿಸ್ತಿದ್ದ. ನಾನು ಸೀಟಲ್ಲಿ ಕೂತು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಕೀ ತಿರುಗಿಸ್ಬೇಕು. ಒತ್ತದಿದ್ರೆ ಗಾಳಿ ಸರಿಯಾಗಿ ಒಳಗೆ ಹೋಗಲ್ಲ. ಗಟ್ಟಿ ಎಂಜಿನ್ನೂ ಮುದಿಯಾದ ಹಾಗೆ ಮೀಟರು ತೋರಿಸುತ್ತೆ.

ಅವತ್ತು ಬಂದಿದ್ದು ಸೂಲಗಿತ್ತಿ ಗುಡ್ವೈಗ್ ಅವರ ಕಾರು. ಬಾನೆಟ್ ಎತ್ತಿತ್ತು, ನಾನು ಅವನಿಗೆ ಕಾಣ್ತಿರಲಿಲ್ಲ. ಕಾಲು — ಹೀಗೆ — ಡ್ಯಾಷ್‌ಬೋರ್ಡ್ ಮೇಲೆ!

"ಒತ್ತಿದ್ದೀಯೇನೋ?"

"ಒತ್ತಿದ್ದೀನಿ ಕಣೋ!"

ಆಮೇಲೆ ಹೇಳಿ ನಗಿಸೋಣ ಅಂತಿದ್ದೆ. ಅಷ್ಟರಲ್ಲಿ ಬಿಸಿ ವಾಫಲ್ ತಿಂಡಿಯ ವಾಸನೆ ಬಂತು — ಶುಕ್ರವಾರ ಗ್ಯಾರೇಜಲ್ಲಿ ಮಾಡ್ತಾರೆ ನೋಡಿ — ಮರೆತೇಬಿಟ್ಟೆ. ಸೋಮವಾರ ಬರೋ ಹೊತ್ತಿಗೆ, ಮೀಟರು ಕಮ್ಮಿ ತೋರಿಸಿತ್ತು ಅಂತ, ಗ್ಯಾರೇಜಿನ ಮಾಲೀಕ ಸ್ಟೈನಾರ್ ಎಂಜಿನ್ ಬಿಚ್ಚಿಸಿಬಿಟ್ಟಿದ್ರು. ಒಳಗೆ ಕನ್ನಡಿ ಥರ ಇತ್ತು, ಒಂದು ಗೀರಿಲ್ಲ!

"ಟೆಸ್ಟ್ ಮಾಡಿದ್ದು ಯಾರ್ರೀ?"

ನನಗೆ ಆಗಲೇ ಎರಡು ಸಲ ಎಚ್ಚರಿಕೆ ಪತ್ರ ಸಿಕ್ಕಿತ್ತು. ಮೂರನೆಯದಾದ್ರೆ ಮನೆಗೆ.

ಅರ್ನುಲ್ವ್ ಕೈ ಒರೆಸ್ಕೊಂಡ. "ನಾನೇ. ಪೆಡಲ್ ಒತ್ತು ಅಂತ ಇವನಿಗೆ ಹೇಳೋದು ಮರೆತೆ."

ಆ ವಾರ ಅವನು ಫೋರ್‌ಮನ್ ಆಗ್ಬೇಕಿತ್ತು. ಆಗಲಿಲ್ಲ. ಹನ್ನೊಂದು ವರ್ಷ ಆಗಲಿಲ್ಲ.

ಹಿತ್ತಿಲಲ್ಲಿ ಅವನನ್ನ ಹಿಡ್ಕೊಂಡು ಕೇಳ್ದೆ: "ಯಾಕೋ ಹಾಗಂದೆ?"

"ನೀನು ಹೋದ್ರೆ ದಿನಾ ಯಾರನ್ನ ಬೈಲಿ?"

ಗುಡ್ವೈಗ್ ಅವರೇ — ಮೂರನೇ ಸಾಲಲ್ಲಿದ್ದೀರಿ — ಕಾರಿಲ್ಲದೆ ಒಂಬತ್ತು ದಿನ ಹೆರಿಗೆ ಮನೆಗಳಿಗೆ ಸೈಕಲ್ ತುಳಿದ್ರಿ. ಅರ್ನುಲ್ವ್‌ನಿಂದ ಹಾಗಾಯ್ತು ಅಂತ ಇವತ್ತಿನವರೆಗೂ ಅಂದ್ಕೊಂಡಿದ್ದೀರಿ. ಅಲ್ಲ. ನನ್ನಿಂದ. ಕ್ಷಮಿಸಿ.

ಬೋರ್ಗಿಲ್ಡ್ ಅವರೇ, ನನ್ನ ಮಕ್ಕಳು ಉಂಡ ಅನ್ನದಲ್ಲಿ ನಿಮ್ಮ ಯಜಮಾನರ ಪಾಲಿದೆ. ಅವನಿದ್ದಾಗ ನಿಮ್ಗೆ ಹೇಳೋಕೆ ಎಷ್ಟೋ ಸಲ ಹೊರಟೆ. "ಬಾಯ್ಮುಚ್ಕೊಂಡು ಕಾಫಿ ಕುಡಿಯೋ" ಅಂತಿದ್ದ. ಇವತ್ತು ತಡೆಯೋಕೆ ಅವನಿಲ್ಲ.

ಎಲ್ರೂ ಎದ್ದು ನಿಲ್ಲಿ. ಒಂದು ನಿಮಿಷ ಮೌನ. ನಾನೂ ಸುಮ್ಮನಿರ್ತೀನಿ, ಅವನಿಗೋಸ್ಕರ.